ನಾಲ್ಕನೇ ಕೋಣೆಯ ಬಾಗಿಲು

ಸಿನಿಮಾದವರು ಕೊಲೆಯನ್ನು ಕೊಲೆ ಎನ್ನುವುದಿಲ್ಲ, ಸೀನು ಎನ್ನುತ್ತಾರೆ. "ಸಾಹೇಬ್ರೆ, ನಾಳೆ ನಾಲ್ಕನೇ ಸೀನು, ಎಂಟು ಗಂಟೆಗೆ ಗಾಡಿ ಬರುತ್ತೆ" ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಊಟಕ್ಕೆ ಕರೆದ ಹಾಗಿತ್ತು. ಸಾಹೇಬರು ಹೂಂ ಎಂದು ಫೋನಿಟ್ಟರು. ಆ ನಾಲ್ಕನೇ ಸೀನು ಎಂದರೆ ಅವರ ಪಾಲಿಗೆ ಒಬ್ಬ ನರ್ಸಮ್ಮ, ಹನ್ನೊಂದು ವರ್ಷದ ಹಿಂದೆ ತನ್ನ ಬಾಡಿಗೆ ಕೋಣೆಯಲ್ಲಿ ಹೆಣವಾಗಿ ಬಿದ್ದಿದ್ದವಳು.

ಸಾಹೇಬರು ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಮೂರು ವರ್ಷ. ಒಂಟಿಯಾಗಿದ್ದ ನಾಲ್ವರು ಹೆಂಗಸರನ್ನು ಎರಡು ವರ್ಷದ ಅವಧಿಯಲ್ಲಿ ಅವರವರ ಕೋಣೆಯಲ್ಲೇ ಕೊಂದು, ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ತೆಗೆದುಕೊಂಡು ಮಾಯವಾಗುತ್ತಿದ್ದವನೊಬ್ಬನಿದ್ದ. ಪತ್ರಿಕೆಯವರು ಅವನಿಗೆ ‘ಬೀಗದವನು’ ಎಂದು ನಾಮಕರಣ ಮಾಡಿದ್ದರು. ಅವನನ್ನು ಹಿಡಿದದ್ದು ಈ ಸಾಹೇಬರು. ಹಿಡಿಯುವಷ್ಟರಲ್ಲಿ ಅವರಿಗೆ ನಿದ್ದೆ ಬಿಟ್ಟುಹೋಗಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು, "ನೀವು ಆ ಸತ್ತವರ ಜೊತೇಲೇ ಸಂಸಾರ ಮಾಡಿ" ಎಂದು ಹೆಂಡತಿ ಗಂಟುಮೂಟೆ ಕಟ್ಟಿದ್ದಳು. ಉಳಿದದ್ದು ‘ಬೀಗದವನನ್ನು ಹಿಡಿದ ಸಾಹೇಬರು’ ಎಂಬ ಹೆಸರೊಂದೇ. ಅದಕ್ಕೇ ಒರಗಿಕೊಂಡು ಇಷ್ಟು ವರ್ಷ ತಳ್ಳಿದ್ದರು. ಈಗ ಆ ಹೆಸರಿನ ಮೇಲೆ ಸಿನಿಮಾ ಬರುತ್ತಿತ್ತು, ಸಾಹೇಬರು ಅದಕ್ಕೆ ಸಲಹೆಗಾರರಾಗಿದ್ದರು.

ಮನೆಯಲ್ಲಿ ಇದ್ದವರು ಅಕ್ಕ ಒಬ್ಬರೇ. ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ಮೂವತ್ತು ವರ್ಷ ದುಡಿದ ಹೆಂಗಸು, ಎದುರಿಗಿದ್ದವರೆಲ್ಲ ಮಕ್ಕಳೆಂದೇ ತಿಳಿದವರು.

"ನಿನ್ನ ಸಿನಿಮಾದಲ್ಲಿ ನಾನಿದೀನೇನೋ?"

"ಇದ್ದೆ. ಆಮೇಲೆ ತೆಗೆದುಬಿಟ್ರು. ಹೀರೋಗೆ ಒಂಟಿತನ ಕಾಣಬೇಕಂತೆ, ನಿನ್ನ ಜಾಗಕ್ಕೆ ಒಂದು ನಾಯಿ ಹಾಕಿದಾರೆ."

"ನಾಯಿಗಾದ್ರೂ ಸರಿಯಾಗಿ ಊಟ ಹಾಕಿ ಅಂತ ಹೇಳು" ಎಂದು ಅಕ್ಕ ಪೇಪರ್ ಮಡಿಸಿಟ್ಟರು.

ಶೂಟಿಂಗ್ ನಡೆಯುತ್ತಿದ್ದದ್ದು ತಗಡಿನ ಮಾಡಿನ ಒಂದು ದೊಡ್ಡ ಗೋದಾಮಿನಲ್ಲಿ. ಅದರ ನಡುವೆ ಪ್ಲೈವುಡ್ಡಿನಲ್ಲಿ ನರ್ಸಮ್ಮನ ಕೋಣೆ ಎದ್ದು ನಿಂತಿತ್ತು. ಸಾಹೇಬರು ತಮ್ಮ ಹಳೆಯ ಫೈಲಿನಿಂದ ಆ ಕೋಣೆಯ ನಕ್ಷೆ, ಅಳತೆಯ ಪಟ್ಟಿ, ಆರು ಫೋಟೋ ಕೊಟ್ಟಿದ್ದರು. ಸೆಟ್ಟಿನ ಮೇಸ್ತ್ರಿ ಅವನ್ನು ನೋಡಿ ನೋಡಿ ಕಟ್ಟಿದ್ದ. ಸಾಹೇಬರು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಅದೇ ಕಬ್ಬಿಣದ ಮಂಚ, ಅದೇ ಹಸಿರು ಟ್ರಂಕು, ಗೋಡೆಯಲ್ಲಿ ಕನ್ನಡಿ ತೂಗುಹಾಕಿದ ಅದೇ ಮೊಳೆ. ಇಷ್ಟು ದಿನ ಬರೀ ತಲೆಯೊಳಗಿದ್ದ ಕೋಣೆ ಕಣ್ಣೆದುರು ಬಂದು ಕೂತಿದೆ. ಜೇಬಿನಿಂದ ಹೊಟ್ಟೆಯ ಮಾತ್ರೆ ತೆಗೆದು ನೀರಿಲ್ಲದೆ ನುಂಗಿದರು.

ಆಗಲೇ ನಿರ್ದೇಶಕನ ರೇಗಾಟ ಕೇಳಿಸಿತು. ಅವನದು ಇನ್ನೂ ಮೂವತ್ತು ತುಂಬದ ವಯಸ್ಸು, ತಲೆಗೆ ಸದಾ ಟೋಪಿ, ಬಾಯಿಗೆ ಸದಾ ‘ಫೀಲು’. ಕ್ಯಾಮೆರಾ ಕೋಣೆಯೊಳಗಿರುತ್ತದೆ, ಬಾಗಿಲು ಮೆಲ್ಲಗೆ ಒಳಕ್ಕೆ ತೆರೆದುಕೊಳ್ಳುತ್ತದೆ, ಕೊಲೆಗಾರನ ಕಾಲು ಕಾಣುತ್ತದೆ: ಇದು ಅವನು ಆರು ತಿಂಗಳಿಂದ ಕನಸು ಕಂಡ ಶಾಟ್. ಮೇಸ್ತ್ರಿ ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ಕೂರಿಸಿಬಿಟ್ಟಿದ್ದ.

"ನಕ್ಷೆ ನೋಡ್ಲಿಲ್ವಾ ಮೇಸ್ತ್ರಿ? ಒಳಗಡೆಗೆ ಅಂತ ಗೆರೆ ಎಳೆದಿಲ್ವಾ ಸಾಹೇಬ್ರು?"

"ನೋಡಿದೆ ಸಾರ್. ಆದ್ರೆ ಅದು ಹೊರಗಡೆಗೇ ಬರೋದು" ಎಂದ ಮೇಸ್ತ್ರಿ. ಅರವತ್ತರ ಹತ್ತಿರದವನು, ಕಿವಿಯ ಮೇಲೆ ಪೆನ್ಸಿಲ್, ಎಡಗೈಯ ಹೆಬ್ಬೆರಳಿಗೆ ಉಗುರಿಲ್ಲ.

ಸಾಹೇಬರ ಕಿವಿ ನೆಟ್ಟಗಾಯಿತು. ‘ಅದು ಹೊರಗಡೆಗೇ ಬರೋದು’ ಅಂದ. ಕಂಡವರ ಹಾಗೆ ಅಂದ. ನಕ್ಷೆಯಲ್ಲಿ ಬಾಗಿಲು ಒಳಕ್ಕಿದೆ, ಅಪರಾಧಿಯ ತಪ್ಪೊಪ್ಪಿಗೆಯಲ್ಲೂ ಒಳಕ್ಕಿದೆ. ಇವನಿಗೆ ಬೇರೆ ಯಾರು ಹೇಳಿದರು? ಎಷ್ಟೋ ವರ್ಷದಿಂದ ತಣ್ಣಗಿದ್ದ ರಕ್ತ ಒಮ್ಮೆಲೇ ಬಿಸಿಯಾಯಿತು. ಹಿಡಿಯಬೇಕಾದ ಇನ್ನೊಬ್ಬನಿದ್ದನೇ? ಬೀಗದವನಿಗೆ ಜೊತೆಗಾರನಿದ್ದನೇ?

"ಎರಡು ನಿಮಿಷ ನಮ್ಮನ್ನ ಬಿಡಿ" ಎಂದು ನಿರ್ದೇಶಕನಿಗೆ ಹೇಳಿ, ಮೇಸ್ತ್ರಿಯ ಹೆಗಲ ಮೇಲೆ ಕೈಹಾಕಿ ಕೋಣೆಯೊಳಕ್ಕೆ ಕರೆದುಕೊಂಡು ಹೋದರು. ಬಾಗಿಲು ಎಳೆದುಕೊಂಡರು. ಮೇಸ್ತ್ರಿಯನ್ನು ಮಂಚದ ಮೇಲೆ ಕೂರಿಸಿ ತಾವು ನಿಂತುಕೊಂಡರು. ಎದುರಾಳಿ ತಲೆಯೆತ್ತಿ ನೋಡಬೇಕು, ತಾವು ತಗ್ಗಿ ನೋಡಬೇಕು. ಅದು ಅವರ ಹಳೆಯ ಪಾಠ.

"ಹನ್ನೊಂದು ವರ್ಷದ ಹಿಂದೆ ಎಲ್ಲಿ ಕೆಲಸ ನಿಮ್ಮದು?"

"ಆಗ ಸಿನಿಮಾ ಇರ್ಲಿಲ್ಲ ಸಾಹೇಬ್ರೆ. ಮನೆ ಮನೆ ರಿಪೇರಿ. ಕಿಟಕಿ, ಬಾಗಿಲು."

"ಯಾವ ಬೀದಿ?"

"ಎಲ್ಲಾ ಬೀದೀನೂ. ಕರೆದ ಕಡೆ."

"ಆಸ್ಪತ್ರೆ ಹಿಂದಿನ ಬೀದಿ?"

"ಹೋಗಿರ್ತೀನಿ."

"ಹೋಗಿರ್ತೀರೋ, ಹೋಗಿದ್ರೋ?"

ಮೇಸ್ತ್ರಿ ನಗಲು ನೋಡಿದ. ಸಾಹೇಬರ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ಹೋಗಿದ್ದೆ" ಎಂದ.

"ಈ ಕೋಣೆಗೆ ಬಂದಿದ್ರಿ."

"ಈ ಕೋಣೆಗಾ? ನೆನಪಿಲ್ಲ ಸಾಹೇಬ್ರೆ."

"ನೆನಪಿಲ್ಲ ಅಂದ್ರೆ ಬಂದಿಲ್ಲ ಅಂತಲ್ಲ. ಬಂದಿರಬಹುದು."

"ಬಂದಿರಬಹುದು."

"ಬಾಗಿಲು ಹೊರಗಡೆಗೆ ಬರುತ್ತೆ ಅಂತ ನಿಮಗೆ ಗೊತ್ತಿತ್ತು. ನೋಡಿದವರಿಗೆ ಮಾತ್ರ ಗೊತ್ತಿರೋ ವಿಷಯ ಅದು. ಹಾಗಾದ್ರೆ ನೋಡಿದೀರಿ."

ಸಾಹೇಬರು ದನಿ ಏರಿಸಿರಲಿಲ್ಲ. ಏರಿಸುವ ಅಗತ್ಯವೂ ಇರಲಿಲ್ಲ. ಮೇಸ್ತ್ರಿಯ ಹಣೆಯಲ್ಲಿ ಬೆವರೊಡೆದಿತ್ತು, ಉಗುರಿಲ್ಲದ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದ. "ನೋಡಿರಬಹುದು ಸಾಹೇಬ್ರೆ" ಎಂದ. ಮತ್ತೆ, ಯಾರೂ ಕೇಳದೆಯೇ, "ಬಂದಿದ್ದೆ ಅನ್ಸುತ್ತೆ" ಎಂದು ಸೇರಿಸಿದ.

ಅಲ್ಲಿ ಸಾಹೇಬರಿಗೆ ತಮ್ಮದೇ ಉಸಿರು ಕೇಳಿಸಿತು. ಎರಡು ನಿಮಿಷವೂ ಆಗಿರಲಿಲ್ಲ. ಕೈ ಮಾಡಿರಲಿಲ್ಲ, ಲಾಠಿ ತೋರಿಸಿರಲಿಲ್ಲ, ಸಮವಸ್ತ್ರ ಕೂಡ ಇಲ್ಲ. ಆದರೂ ಈ ಮನುಷ್ಯ ತಲೆಯಾಡಿಸಲು ಶುರುಮಾಡಿದ್ದ. ಇನ್ನೊಂದು ಐದಾರು ಪ್ರಶ್ನೆ ಸಾಕಿತ್ತು, ಪೂರ್ತಿ ಒಪ್ಪಿಕೊಂಡುಬಿಡುತ್ತಿದ್ದ. ಹಾಗಾದರೆ ಏಳು ಹಗಲು, ಏಳು ರಾತ್ರಿ ತನ್ನ ಕೈಗೆ ಸಿಕ್ಕಿದ್ದ ಆ ಬೀಗದವನು ಏನೇನಕ್ಕೆ ತಲೆಯಾಡಿಸಿರಬೇಡ?

"ಮೇಸ್ತ್ರಿ" ಎಂದರು. "ಹೆದರಬೇಡಿ. ಬಾಗಿಲು ಹೊರಗಡೆಗೆ ಅಂತ ಹೇಗೆ ಗೊತ್ತಾಯ್ತು, ಅದೊಂದು ಹೇಳಿ."

ಮೇಸ್ತ್ರಿಗೆ ಮಾತಿಗಿಂತ ಕೈ ಬೇಗ ಸುಧಾರಿಸಿಕೊಂಡಿತು. ಸೊಂಟದ ಟೇಪನ್ನು ತೆಗೆದು ಮಂಚದ ಕಾಲಿನಿಂದ ಚೌಕಟ್ಟಿನವರೆಗೆ ಎಳೆದ.

"ನೀವು ಕೊಟ್ಟ ಅಳತೇನೇ ಸಾಹೇಬ್ರೆ. ಮಂಚದಿಂದ ಬಾಗಿಲಿಗೆ ಒಂದೂಕಾಲು ಅಡಿ. ಬಾಗಿಲಿನ ಅಗಲ ಎರಡೂವರೆ. ಒಳಗೆ ತಳ್ಳಿದ್ರೆ ಅರ್ಧಕ್ಕೇ ಮಂಚಕ್ಕೆ ಬಡಿಯುತ್ತೆ. ಬೆಕ್ಕು ನುಗ್ಗಬಹುದು, ಮನುಷ್ಯ ನುಗ್ಗೋಕಾಗಲ್ಲ."

"ಮಂಚ ಆಮೇಲೆ ಸರಿಸಿರಬಹುದಲ್ಲ?" ಸಾಹೇಬರಿಗೆ ಹುಲ್ಲುಕಡ್ಡಿಯಾದರೂ ಬೇಕಿತ್ತು.

"ಅದಕ್ಕೇ ಇನ್ನೊಂದು ನೋಡಿದೆ." ಮೇಸ್ತ್ರಿ ಈಗ ತನ್ನ ಕಸುಬಿನೊಳಕ್ಕೆ ಇಳಿದಿದ್ದ, ಹೆದರಿಕೆ ಮರೆತಿದ್ದ. "ಬೀಗ ಹಾಕಿತ್ತು, ಕೀಲಿ ಇರ್ಲಿಲ್ಲ, ಅದಕ್ಕೆ ಮನೆ ಮಾಲೀಕರು ಬಾಗಿಲನ್ನೇ ಕಳಚಿ ಪಕ್ಕಕ್ಕೆ ಇಟ್ಟಿದ್ರು, ಹೆಣ ನೋಡಿ ನಿಮಗೆ ಫೋನ್ ಮಾಡಿದ್ರು ಅಂತ ನೀವೇ ತಾನೆ ಹೇಳಿದ್ದು? ಒಳಗಡೆ ತೆರೆಯೋ ಬಾಗಿಲಿಗೆ ಚೌಕಟ್ಟಿಗೆ ಹಿಡಿಯೋ ಹಿಂಜಸ್ಸು ಒಳಗಿರುತ್ತೆ. ಹೊರಗೆ ನಿಂತವರು ಅದನ್ನ ಕಳಚೋದು ಹೇಗೆ? ಹೊರಗಡೆ ತೆರೆಯೋ ಬಾಗಿಲಾದ್ರೆ ಹಿಂಜಸ್ಸು ಹೊರಗೇ ಇರುತ್ತೆ, ಅದರೊಳಗಿನ ಕಡ್ಡಿ ಮೇಲಕ್ಕೆ ಬಡಿದ್ರೆ ಆಯ್ತು, ಬಾಗಿಲು ಕೈಗೆ ಬರುತ್ತೆ." ಬಹಳ ಸಹಜವಾಗಿ, "ಇಂಥ ಬಾಗಿಲಿಗೆ ಕೀಲಿನೇ ಬೇಕಿಲ್ಲ ಸಾಹೇಬ್ರೆ. ಒಂದು ಸುತ್ತಿಗೆ, ಒಂದು ಉದ್ದ ಮೊಳೆ ಸಾಕು" ಎಂದ.

ಸಾಹೇಬರು ಟ್ರಂಕಿನ ಮೇಲೆ ಕುಳಿತುಬಿಟ್ಟರು.

ಅವತ್ತು ತಾವು ಹೋದಾಗ ಬಾಗಿಲು ಜಗಲಿಯ ಗೋಡೆಗೆ ಒರಗಿ ನಿಂತಿತ್ತು. ಅದು ತೆರೆಯುವುದನ್ನು ಅವರು ನೋಡಿರಲೇ ಇಲ್ಲ. ನಕ್ಷೆ ಬರೆಯುವಾಗ ಕೈ ರೂಢಿಯಂತೆ ಒಳಕ್ಕೆ ಗೆರೆ ಎಳೆದಿತ್ತು, ಎಲ್ಲಾ ಕೋಣೆಗಳ ಬಾಗಿಲೂ ಒಳಕ್ಕೇ ತಾನೆ ತೆರೆಯುವುದು. ನಾಲ್ಕೂ ಕಡೆ ಬಾಗಿಲು ಮುರಿದಿರಲಿಲ್ಲವಾದ್ದರಿಂದ ಕೀಲಿ ಮಾಡಬಲ್ಲವನೇ ಕೊಂದಿರಬೇಕು ಎಂದುಕೊಂಡರು. ಹಾಗೆ ಸಿಕ್ಕವನು ಮೆಟ್ಟಿಲ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ ಕೀಲಿಯವನು. ಏಳನೇ ದಿನ ಅವನು ಒಪ್ಪಿಕೊಂಡ. ‘ಬಾಗಿಲನ್ನು ಮೆಲ್ಲಗೆ ಒಳಕ್ಕೆ ತಳ್ಳಿ ಪ್ರವೇಶಿಸಿದೆನು’ ಎಂದು ಬರೆದುಕೊಂಡದ್ದು ಸಾಹೇಬರ ಅಕ್ಷರ. ಹೇಳಿಕೆ ನಕ್ಷೆಗೆ ತಾಳೆಯಾಗುತ್ತದೆ, ಸ್ಥಳ ನೋಡದವನು ಹೀಗೆ ಹೇಳಲಾರ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು. ತಾಳೆಯಾಗದೆ ಏನು? ಎರಡೂ ಹುಟ್ಟಿದ್ದು ಒಂದೇ ತಲೆಯಲ್ಲಿ. ಕೀಲಿಯವನಿಗೆ ಜೀವಾವಧಿಯಾಯಿತು, ಸಾಹೇಬರಿಗೆ ಪದಕ ಬಂತು. ಆಮೇಲೆ ಕೊಲೆಗಳೂ ನಿಂತವು. ಸರಿಯಾದವನನ್ನೇ ಹಿಡಿದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದರು.

ಹೊರಗೆ ಬಂದರೆ ನಿರ್ದೇಶಕ ಓಡಿಬಂದ. ಪ್ಲೈವುಡ್ಡಿನ ಸಂದಿಯಿಂದ ಎಲ್ಲವನ್ನೂ ಕ್ಯಾಮೆರಾದಲ್ಲಿ ತೆಗೆದುಬಿಟ್ಟಿದ್ದನಂತೆ. "ಏನ್ ಫೀಲು ಸಾರ್! ನಮ್ಮ ಹೀರೋಗೆ ಇದನ್ನೇ ತೋರಿಸ್ತೀನಿ, ಹಿಂಗೇ ಮಾಡು ಅಂತ."

"ನಿಮ್ಮ ಕಥೆ ತಪ್ಪು ಕಣಯ್ಯ. ಅವನು ಕೊಂದಿಲ್ಲ" ಎಂದರು ಸಾಹೇಬರು.

ನಿರ್ದೇಶಕ ಟೋಪಿ ತೆಗೆದು ತಲೆ ಕೆರೆದುಕೊಂಡ. "ಕ್ಲೈಮ್ಯಾಕ್ಸ್ ಆಗಲೇ ಶೂಟ್ ಆಗಿದೆಯಲ್ಲ ಸಾರ್" ಎಂದ. ಪಾಪ, ಅವನ ಕಷ್ಟ ಅವನಿಗೆ.

ಮನೆಯಲ್ಲಿ ಅಕ್ಕನ ಮುಂದೆ ಎಲ್ಲವನ್ನೂ ಬಿಚ್ಚಿಟ್ಟರು. ಆ ಏಳು ದಿನ ಏನೇನು ಮಾಡಿದೆ ಎನ್ನುವುದನ್ನೂ ಮೊದಲ ಸಲ ಹೇಳಿದರು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು.

"ಹಾಗಾದ್ರೆ ನಿಜವಾಗ್ಲೂ ಕೊಂದವನು?"

"ಎಲ್ಲೋ ಇದ್ದಾನೆ. ಬೇರೆಯವನಿಗೆ ಶಿಕ್ಷೆ ಆಗಿದ್ದು ನೋಡಿ ಸುಮ್ಮನಾಗಿದ್ದಾನೆ."

"ನಿನ್ನ ಸಿನಿಮಾ ನೋಡೋಕೆ ಟಿಕೆಟ್ ತಗೊಂಡು ಬರ್ತಾನೆ ಬಿಡು. ಮೊದಲನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೀತಾನೆ." ಅಕ್ಕ ಕನ್ನಡಕ ಹಾಕಿಕೊಂಡರು. "ಹನ್ನೊಂದು ವರ್ಷದಿಂದ ನಿನಗೆ ನಿದ್ದೆ ಯಾಕೆ ಬರಲ್ಲ ಅಂತ ನಾನು ಡಾಕ್ಟರ್ ಡಾಕ್ಟರ್ ಹತ್ರ ಅಲೆದೆ. ನಿನಗೆ ಒಳಗೊಳಗೇ ಗೊತ್ತಿತ್ತೇನೋ?"

ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತಿತ್ತು, ಗೊತ್ತಿತ್ತು ಎನ್ನಲು ಧೈರ್ಯವಿರಲಿಲ್ಲ.

"ಪದಕ ಹೋಗುತ್ತೆ. ಪಿಂಚಣಿನೂ ಹೋಗಬಹುದು. ನನ್ನನ್ನೇ ಒಳಗೆ ಹಾಕಿದ್ರೂ ಹಾಕಬಹುದು."

"ಹಾಕ್ಲಿ. ಬುತ್ತಿ ಕಟ್ಟಿಕೊಂಡು ನಾನು ಬರ್ತೀನಿ. ನಾಳೆ ಬೆಳಿಗ್ಗೆ ಮೊದಲು ಅವನ ಹತ್ರ ಹೋಗು."

ಜೈಲಿನ ಭೇಟಿ ಕೋಣೆಯಲ್ಲಿ ನಡುವೆ ತಂತಿಯ ಬಲೆ, ಎರಡೂ ಕಡೆ ಮೊಳಕಾಲಿಗೆ ತಾಗುವ ಬೆಂಚು. ಸಾಹೇಬರು ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಕೀಲಿಯವನು ಒಳಗೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬಟ್ಟೆ ಒಗೆಯುವ ಕೆಲಸದಿಂದ ಬೆರಳ ತುದಿಗಳು ಬಿರುಕುಬಿಟ್ಟಿದ್ದವು. ಯಾರು ಬಂದಿದ್ದಾರೆಂದು ಕಂಡ ಕೂಡಲೇ ಗೋಡೆಗೆ ಅಂಟಿ ನಿಂತ.

"ಕೂತ್ಕೊಳಪ್ಪ."

"ಬೇಡ ಸಾಹೇಬ್ರೆ. ನಿಂತೇ ಇರ್ತೀನಿ."

"ಆ ನಾಲ್ಕನೇ ಕೋಣೆ ವಿಷಯ. ಬಾಗಿಲು..."

"ಬಾಗಿಲನ್ನ ಮೆಲ್ಲಗೆ ಒಳಕ್ಕೆ ತಳ್ಳಿ ಪ್ರವೇಶಿಸಿದೆ ಸಾಹೇಬ್ರೆ." ಪಾಠ ಒಪ್ಪಿಸುವ ಹುಡುಗನ ಹಾಗೆ ಒಂದೇ ಉಸಿರಿಗೆ ಹೇಳಿದ.

ಸಾಹೇಬರು ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಕೈಬಿಟ್ಟರು. "ನಿಜ ಏನು ಅಂತ ಹೇಳು. ಈ ಸಲ ಯಾರೂ ಹೊಡೆಯೋದಿಲ್ಲ" ಎಂದರು.

ಅವನು ಬಾಗಿಲ ಬಳಿಯಿದ್ದ ಕಾವಲಿನವನನ್ನು ನೋಡಿದ, ಸಾಹೇಬರನ್ನು ನೋಡಿದ. ಇದು ಯಾವ ಹೊಸ ಆಟವೋ ಎಂದು ಅಳೆದಂತಿತ್ತು.

"ನೀವು ತಳ್ಳಿದ್ಯೋ ಎಳೆದ್ಯೋ ಅಂತ ಕೇಳಿದ್ರಿ. ನನಗೇನು ಗೊತ್ತು? ಎರಡರಲ್ಲಿ ಒಂದಿರ್ಬೇಕು ಅಂತ ಮೊದಲು ಎಳೆದೆ ಅಂದೆ. ನೀವು ಹೊಡೆದ್ರಿ. ಆಮೇಲೆ ತಳ್ಳಿದೆ ಅಂದೆ, ಬರ್ಕೊಂಡ್ರಿ. ಇನ್ನೊಂದು ಏಟು ಬಿದ್ದಿದ್ರೆ ಕಿಟಕಿಯಿಂದ ಹಾರಿದೆ ಅಂತಿದ್ದೆ. ಆ ಕೋಣೆ ನಾನು ನೋಡಿದ್ದು ನೀವು ಕರ್ಕೊಂಡು ಹೋದಾಗಲೇ ಸಾಹೇಬ್ರೆ, ಆಗಲೂ ಬಾಗಿಲು ಗೋಡೆಗೆ ಒರಗಿತ್ತು."

ಸಾಹೇಬರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ನಾಚಿಕೆಯಾಗಿ ಹಾಗೇ ಬಿಟ್ಟರು. ನಕ್ಷೆ ತಪ್ಪಾದದ್ದು, ಹೇಳಿಕೆ ತಾವೇ ಹೇಳಿಸಿದ್ದು, ಎಲ್ಲವನ್ನೂ ಬರೆದು ಸಹಿ ಹಾಕಿ ನ್ಯಾಯಾಲಯಕ್ಕೆ ಕೊಡುತ್ತೇನೆಂದು ತಡವರಿಸುತ್ತಾ ಹೇಳಿದರು. ಕೀಲಿಯವನು ಕುಣಿದಾಡಲಿಲ್ಲ, ಬಯ್ಯಲೂ ಇಲ್ಲ. ಈಗ ಮೆಲ್ಲಗೆ ಬೆಂಚಿನ ಮೇಲೆ ಕೂತ.

"ಕೋರ್ಟಿಗೆ ಆಮೇಲೆ ಕೊಡಿ. ಒಂದು ಕೆಲಸ ಇದೆ, ಅದು ಮೊದಲು ಆಗ್ಬೇಕು" ಎಂದ. "ನನ್ನನ್ನ ಹಿಡಿದಾಗ ಮಗಳಿಗೆ ಎಂಟು ವರ್ಷ. ತಿಂಗಳಿಗೊಂದು ಸಲ ಅಮ್ಮನ ಕೈ ಹಿಡ್ಕೊಂಡು ಬರೋಳು. ‘ಅಪ್ಪ, ನೀನು ಮಾಡಿಲ್ಲ ಅಲ್ವಾ?’ ಅಂತ ಪ್ರತಿ ಸಲ ಕೇಳೋಳು. ಆರು ವರ್ಷ ಕೇಳಿದ್ಲು. ಅವರಮ್ಮ ತೀರಿಹೋದ್ಮೇಲೂ ಒಬ್ಬಳೇ ಬಂದ್ಲು, ಶಾಲೆ ತಪ್ಪಿಸಿ. ಇವಳ ಬದುಕೆಲ್ಲ ಈ ಬೆಂಚಿನ ಮೇಲೇ ಮುಗಿದುಹೋಗುತ್ತೆ ಅಂತ ಹೊಟ್ಟೆ ಉರೀತು. ಅವತ್ತು ಹೇಳ್ಬಿಟ್ಟೆ, ‘ಹೌದಮ್ಮ, ನಾನೇ ಮಾಡಿದ್ದು’ ಅಂತ. ಎದ್ದು ಹೋದ್ಲು. ಐದು ವರ್ಷ ಆಯ್ತು." ಅವನು ಬಲೆಯ ಹತ್ತಿರಕ್ಕೆ ಮುಖ ತಂದ. "ನಾನು ಹೇಳಿದ್ರೆ ಈಗ ನಂಬಲ್ಲ. ನೀವು ಹೇಳಿದ್ರೆ ನಂಬ್ತಾಳೆ."

ಮಗಳು ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಳು. ಸಾಹೇಬರು ವಿಳಾಸ ಹುಡುಕಿಕೊಂಡು ಹೋಗುವಾಗ ಎರಡು ಗಂಟೆಯ ಬಿಸಿಲು. ಅಂಗಡಿಯಲ್ಲಿ ಆರೇಳು ಗಿರಾಕಿಗಳು, ಗಲ್ಲಾಪೆಟ್ಟಿಗೆಯ ಹಿಂದೆ ಮಾಲೀಕ, ಮೂಲೆಯ ಯಂತ್ರದ ಪಕ್ಕದಲ್ಲಿ ಹಾಳೆಗಳನ್ನು ತಟ್ಟಿ ತಟ್ಟಿ ಜೋಡಿಸುತ್ತಿದ್ದ ತೆಳ್ಳಗಿನ ಹುಡುಗಿ. ಹಣೆ ಅಪ್ಪನದೇ.

"ನಿಮ್ಮ ತಂದೆಯವರ ವಿಷಯ ಸ್ವಲ್ಪ ಮಾತಾಡ್ಬೇಕಿತ್ತಮ್ಮ" ಎಂದರು, ತಗ್ಗಿದ ದನಿಯಲ್ಲಿ.

"ನನಗೆ ತಂದೆ ಇಲ್ಲ." ಅವಳು ತಲೆಯೆತ್ತಲಿಲ್ಲ. "ಎಷ್ಟು ಕಾಪಿ?"

"ಅವರನ್ನ ಹಿಡಿದ ಪೊಲೀಸ್ ನಾನೇ."

ಕೈ ನಿಂತಿತು. ಅವಳು ಮುಖವೆತ್ತಿ ನೋಡಿದಳು. ಎಂಟು ವರ್ಷದವಳಾಗಿದ್ದಾಗ ತನ್ನ ಮನೆಗೆ ನುಗ್ಗಿದವರ ಮುಖ ಯಾರಿಗೆ ಮರೆಯುತ್ತದೆ?

"ನಿಮ್ಮಪ್ಪ ಯಾರನ್ನೂ ಕೊಂದಿಲ್ಲ. ಆ ಮಾತನ್ನ ಅವರ ಬಾಯಿಂದ ಹೇಳಿಸಿದ್ದು ನಾನು. ತಪ್ಪು ನಂದು."

"ಅವರೇ ನನಗೆ ಹೇಳಿದಾರೆ. ನನ್ನ ಮುಖ ನೋಡಿ ಹೇಳಿದಾರೆ, ನಾನೇ ಮಾಡಿದ್ದು ಅಂತ."

"ಸುಳ್ಳು ಹೇಳಿದ್ರು. ನೀವು ಬರೋದು ಬಿಡ್ಲಿ, ನಿಮ್ಮ ಪಾಡಿಗೆ ಬದುಕಿಕೊಳ್ಳಲಿ ಅಂತ."

ಯಂತ್ರ ಹಾಳೆ ಉಗುಳುತ್ತಲೇ ಇತ್ತು, ಅವು ನೆಲಕ್ಕೆ ಬೀಳತೊಡಗಿದವು, ಅವಳು ಎತ್ತಿಕೊಳ್ಳಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನ ಮಾಲೀಕ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದ.

"ಇದು ನನ್ನ ಮೂರನೇ ಕೆಲಸ" ಎಂದಳು. "ಹಿಂದಿನ ಎರಡು ಕಡೆ ಬೀಗದವನ ಮಗಳು ಅಂತ ಗೊತ್ತಾಗಿ ಬಿಡಿಸಿದ್ರು. ನಿಮ್ಮ ಸಿನಿಮಾ ಸುದ್ದಿ ಪೇಪರಲ್ಲಿ ಬಂದ್ಮೇಲೆ ಇಲ್ಲೂ ಎಲ್ಲಾರಿಗೂ ಗೊತ್ತಾಗಿದೆ. ನನ್ನ ಕಿವೀಲಿ ಯಾಕೆ ಹೇಳ್ತೀರಾ? ಜೋರಾಗಿ ಹೇಳಿ."

ಸಾಹೇಬರು ಅಂಗಡಿಯ ಕಡೆಗೆ ತಿರುಗಿದರು. ತಮ್ಮ ಹುದ್ದೆ ಹೇಳಿದರು, ಯಾವ ಕೇಸು ಎಂದು ಹೇಳಿದರು. ಬೀಗದವನೆಂದು ತಾನು ಹಿಡಿದವನು ನಿರಪರಾಧಿ, ಏಳು ದಿನ ಹೊಡೆದು ಒಪ್ಪಿಸಿದ್ದು ತಾನೇ, ನಿಜವಾಗಿ ಕೊಂದವನು ಇನ್ನೂ ಸಿಕ್ಕಿಲ್ಲ ಎಂದು ಹೇಳಿದರು. ಗಿರಾಕಿಗಳು ಕೈಯಲ್ಲಿ ಕಾಗದ ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಬಾಗಿಲ ಬಳಿ ನಿಂತಿದ್ದವರೊಬ್ಬರು ಕಿವಿಗೆ ಕೈಕೊಟ್ಟು ಏನಂದ್ರಿ ಎಂದು ಕೇಳಿದರು. ಸಾಹೇಬರು ಅವರಿಗೋಸ್ಕರ ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳಿದರು.

ಮುಗಿಸಿ ಹಿಂದಕ್ಕೆ ತಿರುಗಿದಾಗ ಹುಡುಗಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಜೈಲಲ್ಲಿ ಭೇಟಿ ಎಷ್ಟು ಗಂಟೆವರೆಗೆ?"

"ನಾಲ್ಕರವರೆಗೆ."

ಅವಳು ಮಾಲೀಕನಿಗೆ ಹೇಳಿಹೋಗುವಷ್ಟೂ ಪುರುಸೊತ್ತು ಮಾಡಿಕೊಳ್ಳಲಿಲ್ಲ. ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗಿಳಿದು ಓಡತೊಡಗಿದಳು.